ತ್ಯಾಗ ಎಂಬ ಮಾತು ಮುಚ್ಚಿಟ್ಟ ಲೆಕ್ಕ

ತಾಯಿಯ ಬಗ್ಗೆ ಬರೆಯುವುದು ನಮ್ಮಲ್ಲಿ ಬಹಳ ಸುಲಭ. ಯಾವ ಕವಿಗೋಷ್ಠಿಗೆ ಹೋದರೂ ಅವಳ ಮೇಲೊಂದು ಕವಿತೆ ಇದ್ದೇ ಇರುತ್ತದೆ. ಅವಳು ಉರಿಯುವ ದೀಪ, ಕರಗುವ ಮೇಣದ ಬತ್ತಿ, ನೆರಳು ಕೊಡುವ ಮರ. ಕೇಳುವವರ ಕಣ್ಣು ಒದ್ದೆಯಾಗುತ್ತದೆ, ಚಪ್ಪಾಳೆ ಬೀಳುತ್ತದೆ, ಆಮೇಲೆ ಎಲ್ಲರೂ ಊಟಕ್ಕೆ ಏಳುತ್ತೇವೆ. ಆ ಕವಿತೆಯ ತಾಯಿ ದಿನಕ್ಕೆ ಎಷ್ಟು ಹೊತ್ತು ದುಡಿದಳು, ಮಗನ ಫೀಸಿಗೆ ಏನನ್ನು ಮಾರಿದಳು, ಯಾರ ಮನೆ ಬಾಗಿಲಲ್ಲಿ ಸಾಲಕ್ಕೆ ನಿಂತಳು ಅಂತ ಕೇಳಿ ನೋಡಿ, ಕವಿತೆಯಲ್ಲಿ ಉತ್ತರ ಇರೋದಿಲ್ಲ. ಇರುವುದು ಒಂದೇ ಮಾತು: ತ್ಯಾಗ.

ಹೆತ್ತವರು ಪಟ್ಟ ಪಾಡು ನಮಗೆ ಗೊತ್ತಾಗುವುದು ನಾವೂ ಬಾಡಿಗೆ ಕಟ್ಟಲು, ಮಕ್ಕಳ ಶಾಲೆಯ ಫೀಸು ಹೊಂದಿಸಲು ಶುರು ಮಾಡಿದ ಮೇಲೆ. ಅಷ್ಟರಲ್ಲಿ ಥ್ಯಾಂಕ್ಸ್ ಹೇಳುವ ಹೊತ್ತು ಮೀರಿರುತ್ತದೆ. ಈ ತಡವಾದ ತಿಳಿವಳಿಕೆಯ ಬಗ್ಗೆ ಎಲ್ಲ ಭಾಷೆಗಳಲ್ಲೂ ಸಾಕಷ್ಟು ಬರೆದಿದ್ದಾರೆ. ನನಗೆ ಕಾಡುವ ಪ್ರಶ್ನೆ ಬೇರೆ. ಇದರಲ್ಲಿ ಯಾವ ಬರವಣಿಗೆ ನಿಜವಾಗಿ ಋಣವನ್ನು ಒಪ್ಪಿಕೊಳ್ಳುತ್ತದೆ, ಯಾವುದು ಬರೀ ಹೊಗಳಿ ಕೈ ತೊಳೆದುಕೊಳ್ಳುತ್ತದೆ? ಕೆಲವು ಕಥೆಗಳನ್ನು ಮತ್ತೆ ಓದಿದಾಗ ನನಗೆ ಅನ್ನಿಸಿದ್ದು ಇಷ್ಟು: ಒಳ್ಳೆಯ ಕಥೆಗಾರರು ಹೆತ್ತವರನ್ನು ಹೊಗಳಲು ಹೋಗುವುದಿಲ್ಲ, ಲೆಕ್ಕ ಬರೆದಿಡುತ್ತಾರೆ.

ಪ್ರೇಮಚಂದರ 'ಈದ್ಗಾಹ್' ನೋಡಿ. 1933ರ ಕಥೆ. ನಮ್ಮಲ್ಲಿ ಎಷ್ಟೋ ಜನರಿಗೆ ಅದು ಹಿಂದಿ ಪಾಠವಾಗಿ ಪರಿಚಯ. ಹುಡುಗ ಹಾಮಿದ್ ಜಾತ್ರೆಯಲ್ಲಿ ಆಟಿಕೆ, ಮಿಠಾಯಿ ಎಲ್ಲ ಬಿಟ್ಟು, ರೊಟ್ಟಿ ಬೇಯಿಸುವಾಗ ಬೆರಳು ಸುಟ್ಟುಕೊಳ್ಳುವ ಅಜ್ಜಿಗೆ ಚಿಮಟ ತರುತ್ತಾನೆ. ಹುಡುಗನ ಒಳ್ಳೆಯತನದ ಕಥೆ ಅಂತ ಮೇಷ್ಟ್ರು ಹೇಳಿಕೊಟ್ಟರು, ನಾವೂ ಹಾಗೇ ಪರೀಕ್ಷೆಯಲ್ಲಿ ಬರೆದೆವು. ದೊಡ್ಡವರಾದ ಮೇಲೆ ಓದಿದರೆ ಕಣ್ಣು ನಿಲ್ಲುವುದು ಬೇರೆ ಕಡೆ. ಹುಡುಗ ಮನೆ ಬಿಡುವ ಮೊದಲೇ ಪ್ರೇಮಚಂದರು ಅಜ್ಜಿ ಅಮೀನಾಳ ಹಣದ ಚೀಲ ಬಿಚ್ಚಿ ತೋರಿಸುತ್ತಾರೆ. ಯಾರದೋ ಬಟ್ಟೆ ಹೊಲಿದು ಬಂದದ್ದು ಎಂಟಾಣೆ. ಹಬ್ಬಕ್ಕೆಂದು ಅದನ್ನು ಜೋಪಾನವಾಗಿ ಇಟ್ಟಿದ್ದಳು. ಹಾಲಿನವಳು ಬಾಕಿಗೆ ಬಂದು ಕೂತಳು, ಕೊಡಲೇಬೇಕಾಯಿತು. ಉಳಿದದ್ದು ಎರಡಾಣೆ, ಅಂದರೆ ಆಗಿನ ಎಂಟು ಪೈಸೆ. ಅದರಲ್ಲಿ ಮೂರು ಹಾಮಿದನ ಜೇಬಿಗೆ, ಐದು ಅವಳ ಚೀಲಕ್ಕೆ. ಆ ಐದು ಪೈಸೆಯಲ್ಲಿ ಈದ್ ಆಗಬೇಕು, ಸೇಮಿಗೆ ಆಗಬೇಕು, ಕೈಯೊಡ್ಡಿ ಬರುವವರಿಗೂ ಕೊಡಬೇಕು.

ಇಷ್ಟು ಗೊತ್ತಿದ್ದರೆ ಮಾತ್ರ ಚಿಮಟದ ತೂಕ ಗೊತ್ತಾಗುತ್ತದೆ. ಅಂಗಡಿಯವನು ಆರು ಪೈಸೆ ಹೇಳಿದ್ದು, ಚೌಕಾಸಿ ಮಾಡಿ ಮೂರಕ್ಕೆ ಇಳಿಸಿದ್ದು, ಎಲ್ಲಕ್ಕೂ ಅರ್ಥ ಬರುತ್ತದೆ. ಹಾಮಿದ್ ಮಾಡಿದ್ದು ತ್ಯಾಗ ಅಂತ ಹೇಳಿ ಮುಗಿಸಬಹುದಿತ್ತು. ಆದರೆ ಕಥೆ ಹೇಳುತ್ತಿರುವುದು, ಅವಳು ಎಂಟರಲ್ಲಿ ಮೂರು ಪಾಲು ಕೊಟ್ಟಳು, ಅವನು ಆ ಮೂರಕ್ಕೆ ಮೂರನ್ನೂ ವಾಪಸು ತಂದ ಎಂದು. ನಮಗೆ ನಲವತ್ತರಲ್ಲಿ ಹೊಳೆಯುವುದು ಆ ಹುಡುಗನಿಗೆ ಇನ್ನೂ ಹಾಲುಹಲ್ಲು ಬೀಳದ ವಯಸ್ಸಿನಲ್ಲಿ ಹೊಳೆದುಬಿಟ್ಟಿದೆ. ಅದಕ್ಕೇ ಕೊನೆಯಲ್ಲಿ ಅಮೀನಾ ಅಳುವಾಗ ಖುಷಿಗಿಂತ ಹೆಚ್ಚಾಗಿ ಸಂಕಟ ಕಾಣುತ್ತದೆ. ಬಡತನ ಒಂದು ಮಗುವಿಗೆ ಇಷ್ಟು ಬೇಗ ಲೆಕ್ಕ ಕಲಿಸಿತಲ್ಲ ಅನ್ನುವ ಸಂಕಟ.

ಲೆಕ್ಕ ಗೊತ್ತಾದ ಮಾತ್ರಕ್ಕೆ ಮನಸ್ಸು ಕರಗುತ್ತದೆ ಅಂತೇನೂ ಇಲ್ಲ. ಭೀಷ್ಮ ಸಾಹನಿಯವರ 'ಚೀಫ್ ಕಿ ದಾವತ್' ಇದಕ್ಕೆ ಕನ್ನಡಿ. ಶಾಮನಾಥನ ಮನೆಗೆ ಆಫೀಸಿನ ಸಾಹೇಬ ಊಟಕ್ಕೆ ಬರುತ್ತಾನೆ. ಮನೆಯ ಹಳೆಯ ಸಾಮಾನುಗಳನ್ನೆಲ್ಲ ಮರೆಗೆ ಸರಿಸಿದ ಮೇಲೆ ಉಳಿಯುವ ದೊಡ್ಡ ಸಮಸ್ಯೆ ಮುದಿ ತಾಯಿ. ಅವಳನ್ನು ಎಲ್ಲಿಡುವುದು? ಯಾವ ಬಟ್ಟೆ ಹಾಕಿಸುವುದು? ಗೊರಕೆ ಹೊಡೆದರೆ? ಬಳೆ ಇದ್ದರೆ ಹಾಕಿಕೋ ಎನ್ನುತ್ತಾನೆ ಮಗ. ಒಡವೆಯೆಲ್ಲ ನಿನ್ನ ಓದಿಗೇ ಹೋಯಿತಲ್ಲ ಎಂದು ಅವಳು ಸಹಜವಾಗಿ ಹೇಳುತ್ತಾಳೆ. ಮಗನಿಗೆ ಸಿಟ್ಟು ನೆತ್ತಿಗೇರುತ್ತದೆ. ಎಷ್ಟು ಕೊಟ್ಟಿದ್ದೀಯೋ ಅದರ ಎರಡರಷ್ಟು ತಗೋ ಎಂಬ ಧಾಟಿಯಲ್ಲಿ ಸಿಡುಕುತ್ತಾನೆ.

ನಮ್ಮ ಕಾಲದ ಯಾವ ಮನೆಯಲ್ಲೂ ಈ ಮಾತುಕತೆ ನಡೆಯಬಹುದು. ಶಾಮನಾಥನಿಗೆ ತಾಯಿ ಮಾಡಿದ್ದು ಗೊತ್ತಿಲ್ಲ ಎಂದಲ್ಲ, ಚೆನ್ನಾಗಿಯೇ ಗೊತ್ತು. ಅವನಿಗೆ ಬೇಡವಾಗಿರುವುದು ಅದನ್ನು ಯಾರಾದರೂ ಬಾಯಿಬಿಟ್ಟು ಹೇಳುವುದು. ಯಾಕೆಂದರೆ ಆ ಮಾತು ಹೊರಬಿದ್ದರೆ, ತಾನು ಸ್ವಂತ ಬಲದಿಂದ ಮೇಲೆ ಬಂದವನು ಎಂಬ ಅವನ ಕಥೆ ಕುಸಿಯುತ್ತದೆ. ಕೊನೆಗೆ ಸಾಹೇಬನಿಗೆ ಮುದುಕಿಯ ಕೈಯ ಫುಲ್ಕಾರಿ ಕಸೂತಿ ಇಷ್ಟವಾಗುತ್ತದೆ. ಹರಿದ್ವಾರಕ್ಕೆ ಕಳಿಸಿಬಿಡು ಎನ್ನುವ ತಾಯಿಗೆ, ಮಂಜಾದ ಕಣ್ಣಲ್ಲಿ ಹೊಸ ಫುಲ್ಕಾರಿ ಹೊಲಿಯುವ ಕೆಲಸ ಬೀಳುತ್ತದೆ, ಮಗನ ಬಡ್ತಿಗಾಗಿ. ಅವಳು ಒಪ್ಪುತ್ತಾಳೆ. ಹಳೆಯ ಸಾಲ ತೀರಿಲ್ಲ, ಅದರ ಮೇಲೆ ಹೊಸ ಸಾಲ. ಓದುಗರು ಅಳುವುದಕ್ಕೆ ಸಾಹನಿ ಎಲ್ಲೂ ಬಿಡುವು ಕೊಡುವುದಿಲ್ಲ. ನಾಚಿಕೆಪಡಲು ಮಾತ್ರ ಬಿಡುತ್ತಾರೆ.

ಕನ್ನಡಕ್ಕೆ ಬಂದರೆ ಲಂಕೇಶರ 'ಅವ್ವ' ಕವಿತೆಯನ್ನು ನೆನೆಯದೆ ಮುಂದೆ ಹೋಗಲಾಗದು. ಪುರಾಣದ ಪತಿವ್ರತೆಯರ ಸಾಲಿನಿಂದ, ಮಹಾಪುರುಷರ ಮಡದಿಯರ ಸಾಲಿನಿಂದ ಲಂಕೇಶ್ ತಮ್ಮ ತಾಯಿಯನ್ನು ಹೊರಗೆ ಕರೆತಂದರು. ಮಣ್ಣು, ದನ, ಬೆವರು, ಜಗಳ ಇವುಗಳ ನಡುವೆ ನಿಲ್ಲಿಸಿದರು. ಅದು ಹೊಗಳಿಕೆ ಅಲ್ಲವೇ ಅಲ್ಲ. ಆದರೂ, ಅಥವಾ ಅದಕ್ಕಾಗಿಯೇ, ಕನ್ನಡದಲ್ಲಿ ತಾಯಿಗೆ ಸಂದ ದೊಡ್ಡ ಗೌರವ ಅದೇ ಅಂತ ನನಗನ್ನಿಸುತ್ತದೆ. ದೇವಿ ಅಂದ ಕೂಡಲೇ ಅವಳು ಪಟ್ಟ ಕಷ್ಟ ಕಷ್ಟವಲ್ಲದೆ ಹೋಗುತ್ತದೆ. ದೇವಿಗೆ ಬೆನ್ನು ನೋಯುತ್ತದೆಯೇ?

ಇನ್ನು ನಮ್ಮ ಮನೆಗಳಿಗೇ ಬರೋಣ. ಬಾನು ಮುಷ್ತಾಕರ 'ಹಾರ್ಟ್ ಲ್ಯಾಂಪ್' ದೀಪಾ ಭಾಸ್ತಿಯವರ ಅನುವಾದದಲ್ಲಿ 2025ರ ಅಂತರರಾಷ್ಟ್ರೀಯ ಬೂಕರ್ ಗೆದ್ದಾಗ ಮುಂಬಯಿಯಿಂದ ಹೈದರಾಬಾದಿನವರೆಗೆ ನಾವೆಲ್ಲ ಸಂಭ್ರಮಿಸಿದೆವು. ಸಂಭ್ರಮ ಮುಗಿದಿದೆ, ಈಗ ಕಥೆಗಳನ್ನು ಓದೋಣ. ಅದರಲ್ಲಿ ಹಜ್ಜಿನ ಹಿನ್ನೆಲೆಯ ಕಫನ್ ಕಥೆಯಿದೆ. ಮನೆಗೆಲಸ ಮಾಡಿ ಬದುಕು ಸಾಗಿಸಿದ ಬಡ ವಿಧವೆ ಯಾಸೀನ್ ಬುವಾ, ಹಜ್‌ಗೆ ಹೊರಟ ಶ್ರೀಮಂತ ಗೃಹಿಣಿ ಶಾಜಿಯಾಳ ಕೈಗೆ ತಾನು ಕೂಡಿಟ್ಟ ಹಣ ಕೊಟ್ಟು, ಜಮ್‌ಜಮ್ ನೀರಿನಲ್ಲಿ ಅದ್ದಿದ ಕಫನ್ ತರಲು ಕೇಳುತ್ತಾಳೆ. ಶಾಜಿಯಾ ತನಗೆ ಬೇಕಾದುದನ್ನೆಲ್ಲ ಕೊಳ್ಳುತ್ತಾಳೆ, ಕಫನ್ ತರುವುದಿಲ್ಲ. ಮುದುಕಿ ತೀರಿಕೊಂಡ ಮೇಲೆ ಅವಳ ಮಗ ಬಂದು ಆ ಕಫನ್ ಕೇಳುತ್ತಾನೆ.

ಈ ಕಥೆಯನ್ನು ಶಾಜಿಯಾಳ ಪಶ್ಚಾತ್ತಾಪದ ಕಥೆಯಾಗಿ ಎಲ್ಲರೂ ಓದುತ್ತಾರೆ, ಓದಬೇಕಾದ್ದೇ. ನಾನು ನೋಡುವುದು ಆ ಹಣದ ಕಡೆಗೆ. ಬೇರೆಯವರ ಪಾತ್ರೆ ತಿಕ್ಕಿ ಮಕ್ಕಳನ್ನು ಸಾಕಿದವಳು ಕಥೆಯ ಉದ್ದಕ್ಕೂ ತನಗೆಂದು ಬಯಸುವುದು ಒಂದೇ ಒಂದು ವಸ್ತು, ಅದೂ ಸತ್ತ ಮೇಲೆ ಹೊದೆಯುವ ಬಟ್ಟೆ. ಸೀರೆ ಬೇಕು ಅಂದಿದ್ದರೆ, ಕನ್ನಡಕ ಬೇಕು ಅಂದಿದ್ದರೆ ಯಾರಾದರೂ ಕೊಡಿಸುತ್ತಿದ್ದರೇನೋ. ಕೇಳುವ ಅಭ್ಯಾಸವೇ ಅವಳಿಗಿರಲಿಲ್ಲ. ಬದುಕಿರುವಾಗ ಸುಖ ಕೇಳಬಾರದು, ಸತ್ತ ಮೇಲೆ ಬರಕತ್ ಕೇಳಬಹುದು ಅಂತ ಅವಳಿಗೆ ಕಲಿಸಿದವರು ಯಾರು? ಬಾನು ಈ ಪ್ರಶ್ನೆಯನ್ನು ಜೋರಾಗಿ ಕೇಳುವುದಿಲ್ಲ. ಆದರೆ ಕಥೆ ಮುಗಿದ ಮೇಲೆ ನಮ್ಮ ಕೈಯಲ್ಲಿ ಉಳಿಯುವುದು ಅದೇ.

ಇದೇ ಕಥೆಯ ಬಗ್ಗೆ ನನಗೊಂದು ತಕರಾರೂ ಇದೆ. ಮಗ ಅಲ್ತಾಫನ ಒಳಗು ನಮಗೆ ಕಾಣಿಸುವುದಿಲ್ಲ. ತಾಯಿ ಜೀವಮಾನವಿಡೀ ಕೂಡಿಟ್ಟ ಹಣವನ್ನು ತನ್ನ ಕಫನಿಗೆಂದು ಕೊಟ್ಟಳು ಎಂದು ತಿಳಿದಾಗ ಅವನಿಗೆ ಏನನ್ನಿಸಿತು? ಕಥೆ ಶಾಜಿಯಾಳ ಕಣ್ಣಿನಿಂದಲೇ ನೋಡುವುದರಿಂದ ಅಳುವ ಹಕ್ಕು ಕೂಡ ಉಳ್ಳವಳ ಪಾಲಾಗುತ್ತದೆ. ಬಡವನ ಮಗ ಬಾಗಿಲಲ್ಲಿ ನಿಂತೇ ಉಳಿಯುತ್ತಾನೆ.

ಸಂಕಲನಕ್ಕೆ ಹೆಸರು ಕೊಟ್ಟ 'ಎದೆಯ ಹಣತೆ'ಯಲ್ಲಿ ಈ ಕೊರತೆ ಇಲ್ಲ. ಗಂಡ ಇನ್ನೊಬ್ಬಳ ಹಿಂದೆ ಹೋಗಿದ್ದಾನೆ ಎಂದು ಕೂಸನ್ನೆತ್ತಿಕೊಂಡು ತವರಿಗೆ ಬಂದ ಮೆಹರುನ್‌ಳನ್ನು ಅಣ್ಣಂದಿರು ಮಾನದ ಹೆಸರಲ್ಲಿ ಹಿಂದಕ್ಕೆ ತಂದು ಬಿಡುತ್ತಾರೆ. ಆ ರಾತ್ರಿ ಅವಳು ಮೈಮೇಲೆ ಸೀಮೆಎಣ್ಣೆ ಸುರಿದುಕೊಳ್ಳುತ್ತಾಳೆ. ಹಿರಿಯ ಮಗಳು ಸಲ್ಮಾ ಕೂಸನ್ನು ಎತ್ತಿಕೊಂಡು ಬಂದು ತಡೆಯುತ್ತಾಳೆ. ಅಬ್ಬನ ಸಲುವಾಗಿ ಸಾಯುತ್ತೀಯಲ್ಲ, ನಮ್ಮ ಸಲುವಾಗಿ ಬದುಕಬಾರದೇ ಎನ್ನುವ ಅರ್ಥದ ಮಾತಾಡುತ್ತಾಳೆ.

ಇಲ್ಲಿ ಮಗಳಿಗೆ ತಿಳಿವಳಿಕೆ ತಡವಾಗಿ ಬರಲಿಲ್ಲ. ತಾಯಿ ಫೋಟೋ ಆಗುವ ಮೊದಲೇ ಬಂತು. ಮುಖ್ಯ ವಿಷಯ ಇನ್ನೊಂದಿದೆ. ತಾಯಿಯ ತ್ಯಾಗ ದೊಡ್ಡದು ಎಂದು ಸಲ್ಮಾ ಹೇಳುವುದಿಲ್ಲ, ಈ ತ್ಯಾಗ ಬೇಡ ಎನ್ನುತ್ತಾಳೆ. ಹೆತ್ತವರಿಗೆ ಮಕ್ಕಳು ಸಲ್ಲಿಸಬಹುದಾದ ಕೃತಜ್ಞತೆ ಇದಕ್ಕಿಂತ ದೊಡ್ಡದು ಇದೆಯೇ ಅಂತ ನಾನು ಯೋಚಿಸುತ್ತೇನೆ. ನಾವು ತಾಯಂದಿರ ದಿನಾಚರಣೆಗೆ ಕಳಿಸುವ ಮೆಸೇಜುಗಳಲ್ಲಿ 'ನೀನು ಉರಿದು ನಮಗೆ ಬೆಳಕಾದೆ' ಅಂತ ಇರುತ್ತದೆ. ಉರಿಯಬೇಡ ಅಂತ ಯಾರೂ ಬರೆಯುವುದಿಲ್ಲ.

ಹಾಗಾದರೆ ಮಕ್ಕಳಿಗೆ ಯಾಕೆ ತಡವಾಗುತ್ತದೆ? ಎಲ್ಲ ಮಕ್ಕಳೂ ಕೃತಘ್ನರೇನಲ್ಲ. ಲೆಕ್ಕದ ಪುಸ್ತಕವನ್ನು ಬಚ್ಚಿಟ್ಟವರು ಹೆತ್ತವರೇ. ನನಗೆ ಹಸಿವಿಲ್ಲ, ನಾನು ಆಗಲೇ ತಿಂದೆ, ಈ ಚಪ್ಪಲಿ ಇನ್ನೂ ಒಂದು ವರ್ಷ ಬರುತ್ತದೆ - ಇಂಥ ಸುಳ್ಳುಗಳನ್ನು ಕೇಳಿಯೇ ನಾವೆಲ್ಲ ಬೆಳೆದದ್ದು. ತಂದೆಯರ ವಿಷಯದಲ್ಲಂತೂ ಇದು ಇನ್ನೂ ಹೆಚ್ಚು. ಕರಾವಳಿಯ ಓದುಗರಿಗೆ 2015ರ ಮಲಯಾಳಂ ಸಿನಿಮಾ 'ಪತ್ತೇಮಾರಿ' ಗೊತ್ತಿರಬಹುದು. ಸಲೀಂ ಅಹಮದ್ ನಿರ್ದೇಶನ, ಮಮ್ಮುಟ್ಟಿ ನಟನೆ. ಗಲ್ಫ್‌ಗೆ ಹೋದ ಮೊದಲ ತಲೆಮಾರಿನ ನಾರಾಯಣನ್, ಹಾಯಿಹಡಗಿನಲ್ಲಿ ಜೀವ ಪಣಕ್ಕಿಟ್ಟು ಸಮುದ್ರ ದಾಟುತ್ತಾನೆ. ಅಲ್ಲಿ ಇಕ್ಕಟ್ಟಿನ ಕೋಣೆ, ಇಲ್ಲಿ ಅವನ ಹಣಕ್ಕೆ ಕಾಯುವ ಮನೆಮಂದಿ. ಅಲ್ಲಿನ ಪಾಡು ಊರಿಗೆ ಗೊತ್ತಾಗದಂತೆ ನೋಡಿಕೊಳ್ಳುವುದು ಅವನ ದುಡಿಮೆಯದೇ ಒಂದು ಭಾಗ. ತಾನು ಕಟ್ಟಿಸಿದ ಮನೆಯಲ್ಲಿ ಬದುಕುವ ಯೋಗ ಅವನಿಗಿಲ್ಲ. ದುಬೈಯ ಸೆಂಟು, ಟಾರ್ಚು, ಕಂಬಳಿ ನೋಡಿ ಬೆಳೆದ ಮಕ್ಕಳಿಗೆ ಆ ಕೋಣೆ ಹೇಗೆ ಗೊತ್ತಾಗಬೇಕು ಹೇಳಿ? ಕೇರಳದವರು ಈ ತಂದೆಯನ್ನು ಸಿನಿಮಾ ಮಾಡಿದರು. ಭಟ್ಕಳ, ಉಡುಪಿ, ಮಂಗಳೂರಿನ ಅದೇ ತಂದೆ ನಮ್ಮ ಕನ್ನಡ ಬರವಣಿಗೆಯಲ್ಲಿ ಇನ್ನೂ ಸರಿಯಾಗಿ ಬಂದಿಲ್ಲ. ನಮ್ಮ ಕಥೆಗಳಲ್ಲಿ ಅಬ್ಬ ಒಂದೋ ಗದರುತ್ತಾನೆ, ಇಲ್ಲಾ ತಲಾಕ್ ಹೇಳುತ್ತಾನೆ. ಆ ಅಬ್ಬಂದಿರೂ ಇದ್ದಾರೆ, ಸುಳ್ಳಲ್ಲ. ಆದರೆ ಹಣ ಕಳಿಸಿ ಕಳಿಸಿಯೇ ಮನೆಯಲ್ಲಿ ಅಪರಿಚಿತನಾಗಿ ಹೋದ ಅಬ್ಬನೂ ಇದ್ದಾನಲ್ಲ.

ಲೆಕ್ಕ ಅಂದಾಗ ಕೆಲವರಿಗೆ ಕಸಿವಿಸಿ ಆಗಬಹುದು. ಪ್ರೀತಿಯಲ್ಲಿ ಎಂಥ ಲೆಕ್ಕ ಅಂತ. ಲೆಕ್ಕವನ್ನು ವಸೂಲಿಗೆ ಬಳಸಿದರೆ ಏನಾಗುತ್ತದೆ ಅನ್ನುವುದಕ್ಕೆ ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಇದೆ. ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ಆ ಕಾದಂಬರಿಯಲ್ಲಿ ನಾದಿರಾಳ ತಂದೆ ಹಣದ ವಿಷಯಕ್ಕೆ ಅಳಿಯನ ಮೇಲೆ ಮುನಿದು, ಸುಖವಾಗಿದ್ದ ಮಗಳ ಸಂಸಾರವನ್ನೇ ಮುರಿಯುತ್ತಾನೆ. ಸಾಕಿದವನು ನಾನು, ಹಾಗಾಗಿ ನಿನ್ನ ಬದುಕು ನನ್ನದು ಎಂಬ ಧೋರಣೆ ಅವನದು. ಅಲ್ಲಿ ತ್ಯಾಗ ಮಾಡುವವರು ಹೆತ್ತವರಲ್ಲ, ಬಲಿಯಾಗುವವಳು ಮಗಳು. ಎಳೆಯ ವಯಸ್ಸಿಗೇ ಅವನ ಕೈಹಿಡಿದ ತಾಯಿಗೆ ಎಲ್ಲ ಅರ್ಥವಾಗುತ್ತದೆ, ಬಾಯಿಲ್ಲ. ಹೆತ್ತವರ ಋಣ ಎಂಬ ಮಾತನ್ನು ಹೆಣ್ಣುಮಕ್ಕಳ ಕುತ್ತಿಗೆಗೆ ಹಗ್ಗ ಮಾಡಿದ್ದನ್ನು ನಾವೆಲ್ಲ ಕಂಡಿದ್ದೇವೆ. ಹಾಗಾಗಿ ಈ ಲೆಕ್ಕವನ್ನು ಬರೆಯಬೇಕಾದವರು ಮಕ್ಕಳು. ಹೆತ್ತವರು ಬಿಲ್ ಮಾಡಿ ಕೊಡುವುದಲ್ಲ.

ಇನ್ನು ತಾಯಿಯ ಪಾದದಡಿ ಸ್ವರ್ಗವಿದೆ ಎಂಬ ಮಾತು. ಭಾಷಣಗಳಲ್ಲಿ ಇದನ್ನು ಕೇಳದ ಮುಸ್ಲಿಮನಿಲ್ಲ. ಕುರ್‌ಆನ್ ಈ ವಿಷಯವನ್ನು ಎಷ್ಟು ನಿಖರವಾಗಿ ಹೇಳುತ್ತದೆ ಅನ್ನುವುದು ಮಾತ್ರ ಭಾಷಣಗಳಲ್ಲಿ ಕಡಿಮೆ ಬರುತ್ತದೆ. ಅಲ್-ಅಹ್ಕಾಫ್ ಸೂರಾದ 15ನೇ ವಚನ ತೆಗೆದು ನೋಡಿ. ತಾಯಿ ಕಷ್ಟಪಟ್ಟು ಹೊತ್ತಳು, ಕಷ್ಟಪಟ್ಟು ಹೆತ್ತಳು ಎಂದು ಹೇಳಿ ಅಲ್ಲಿಗೇ ನಿಲ್ಲುವುದಿಲ್ಲ. ಹೊರುವುದಕ್ಕೂ ಹಾಲು ಬಿಡಿಸುವುದಕ್ಕೂ ಸೇರಿ 30 ತಿಂಗಳು ಎಂದು ಎಣಿಸುತ್ತದೆ. ಆಮೇಲೆ ಅದೇ ವಚನದಲ್ಲಿ ಮನುಷ್ಯ 40 ವರ್ಷ ತಲುಪಿದಾಗ ತನಗೂ ತನ್ನ ಹೆತ್ತವರಿಗೂ ಸಿಕ್ಕ ಅನುಗ್ರಹಕ್ಕೆ ಕೃತಜ್ಞನಾಗುವ ಶಕ್ತಿಯನ್ನು ಬೇಡುವ ಮಾತು ಬರುತ್ತದೆ. ಒಬ್ಬ ಸಾಮಾನ್ಯ ಓದುಗನಾಗಿ ನನ್ನನ್ನು ಹಿಡಿದು ನಿಲ್ಲಿಸುವುದು ಈ ಎರಡು ಸಂಖ್ಯೆಗಳು. ಒಂದು ಕಡೆ ತಾಯಿಯ 30 ತಿಂಗಳು, ಇನ್ನೊಂದು ಕಡೆ ಮಗನ 40 ವರ್ಷ. ಅರ್ಥವಾಗಲು ಇಷ್ಟು ಹೊತ್ತು ಬೇಕು, ಅದಕ್ಕೂ ಶಕ್ತಿ ಬೇಕು ಎಂದಾಯಿತು.

ಈಗ ನಮ್ಮ ಬರವಣಿಗೆಯ ಕಡೆ ತಿರುಗೋಣ. ಹೊರನಾಡಿನ ಕನ್ನಡಿಗರಲ್ಲಿ ಆತ್ಮಕಥೆ, ಅಭಿನಂದನ ಗ್ರಂಥಗಳಿಗೆ ಬರವಿಲ್ಲ. ಮುಂಬಯಿಯವರ ಕಥೆಗೆ ಒಂದು ಅಚ್ಚು ಇದೆ: ಊರು ಬಿಟ್ಟು ಬಂದದ್ದು, ಹಗಲು ಹೋಟೆಲಿನ ಕೆಲಸ, ರಾತ್ರಿ ಶಾಲೆಯ ಓದು, ಸ್ವಂತ ಉದ್ಯೋಗ, ಸನ್ಮಾನ. ಈ ಕಷ್ಟವೆಲ್ಲ ನಿಜ, ಗೌರವಕ್ಕೆ ಅರ್ಹ. ಆದರೆ ಅದರಲ್ಲಿ ತಾಯಿಗೆ ಮೀಸಲು ಎರಡು ಸಾಲು, ತಂದೆಗೆ ಒಂದು. 'ಹೆತ್ತವರ ಆಶೀರ್ವಾದದಿಂದ' ಅಂತ. ಮಗ ಮುಂಬಯಿಗೆ ಬಂದ ಮೇಲೆ ಊರಲ್ಲಿ ಉಳಿದ ಮಕ್ಕಳ ಹೊಟ್ಟೆ ತುಂಬಿಸಿದ್ದು ಯಾರು, ಹೇಗೆ? ಆಶೀರ್ವಾದದಿಂದ ಗಂಜಿ ಬೇಯುವುದಿಲ್ಲ.

ದಕ್ಷಿಣ ಕನ್ನಡದ ಎಷ್ಟೋ ಬ್ಯಾರಿ ಮನೆಗಳಲ್ಲಿ, ಬೇರೆ ಸಮುದಾಯದ ಮನೆಗಳಲ್ಲೂ, ಇದಕ್ಕೆ ಉತ್ತರ ಬೀಡಿ. ಉಮ್ಮ ಜಗಲಿಯಲ್ಲಿ ಮೊರ ಇಟ್ಟುಕೊಂಡು ಕೂತರೆ ಎಲೆ ನೆನೆಸುವುದು, ಅಚ್ಚು ಇಟ್ಟು ಕತ್ತರಿಸುವುದು, ಹುಡಿ ಹಾಕಿ ಸುತ್ತುವುದು, ನೂಲು ಕಟ್ಟುವುದು. ಅಡಿಗೆ, ಮಕ್ಕಳು, ದನ ಎಲ್ಲದರ ಮಧ್ಯೆ ಇದು. ಮಜೂರಿ ಸಾವಿರ ಬೀಡಿಗೆ ಇಷ್ಟು ಅಂತ. ಬ್ರಾಂಚಿನಲ್ಲಿ ಸರಿಯಿಲ್ಲ ಅಂತ ತೆಗೆದು ಹಾಕಿದ್ದಕ್ಕೆ ಕಾಸಿಲ್ಲ. 1966ರಲ್ಲಿ ಬೀಡಿ ಕಾರ್ಮಿಕರಿಗೆ ಪ್ರತ್ಯೇಕ ಕಾಯ್ದೆ ಬಂತು, 1976ರಲ್ಲಿ ಕಲ್ಯಾಣ ನಿಧಿಯ ಕಾಯ್ದೆ. ಆ ನಿಧಿಯಿಂದ ಬೀಡಿ ಕಟ್ಟುವವರ ಮಕ್ಕಳಿಗೆ ಸ್ಕಾಲರ್‌ಶಿಪ್ ಸಿಗುತ್ತಿತ್ತು. ಅರ್ಜಿಯ ಜೊತೆ ತಾಯಿಯ ಬೀಡಿ ಕಾರ್ಡು ಲಗತ್ತಿಸಬೇಕಿತ್ತು. ಇಂದು ಇಂಜಿನಿಯರ್, ಮೇಷ್ಟ್ರು, ಲೇಖಕ ಅಂತ ಹೆಸರು ಮಾಡಿದ ಎಷ್ಟೋ ಮಂದಿಯ ಓದಿನ ದಾಖಲೆಯಲ್ಲಿ ಆ ಕಾರ್ಡಿನ ನಂಬರು ಇದೆ. ಎಷ್ಟು ಎಲೆ ಕೊಟ್ಟರು, ಎಷ್ಟು ಬೀಡಿ ಬಂತು ಎಂದು ಬರೆದ ಪುಸ್ತಕವೂ ಎಷ್ಟೋ ಮನೆಗಳ ಕಪಾಟಿನ ಮೂಲೆಯಲ್ಲಿ ಇನ್ನೂ ಇರಬಹುದು. ಉಮ್ಮನ ಆತ್ಮಕಥೆ ಅಂತ ಒಂದಿದ್ದರೆ ಅದು ಅದೇ. ಬರೆದದ್ದು ಬ್ರಾಂಚಿನವರು, ಅಷ್ಟೇ.

ನಮ್ಮ ಬರವಣಿಗೆಗೆ ಆ ಪುಸ್ತಕ ಒಂದು ಆಕರ ಅಂತ ಯಾಕೆ ಅನ್ನಿಸುವುದಿಲ್ಲ? ತಂದೆ ಊರಿಗೆ ಕಳಿಸಿದ ಮನಿಯಾರ್ಡರಿನ ಚೀಟಿ, ಅಡವಿಟ್ಟ ಒಡವೆಯ ರಸೀದಿ, ಅಂಗಡಿಯ ಬಾಕಿ ಪಟ್ಟಿ, ಇವೆಲ್ಲ ಕಸವೆಂದು ಎಸೆದು ತಾಯಿ ದೇವರು ಎಂದು ಕವಿತೆ ಬರೆಯುತ್ತೇವೆ. ಅಮೀನಾಳ ಐದು ಪೈಸೆಯನ್ನು ಪ್ರೇಮಚಂದರು ಎಣಿಸಿದ್ದರಿಂದಲೇ ಹೆಚ್ಚುಕಡಿಮೆ ನೂರು ವರ್ಷದ ಹತ್ತಿರ ಬಂದರೂ ಆ ಮುದುಕಿ ನಮಗೆ ಕಾಣಿಸುತ್ತಿದ್ದಾಳೆ.

ಇದರಲ್ಲಿ ಅವಸರದ ವಿಷಯವೂ ಇದೆ. ಬೀಡಿ ಸುತ್ತಿ, ಕೊಲ್ಲಿಯಲ್ಲಿ ದುಡಿದು, ಹೋಟೆಲಿನ ಅಡಿಗೆಮನೆಯಲ್ಲಿ ಬೆಂದು ಮಕ್ಕಳನ್ನು ಓದಿಸಿದ ಆ ತಲೆಮಾರು ಈಗ ಎಪ್ಪತ್ತು ಎಂಬತ್ತರ ಹತ್ತಿರ ಇದೆ. ಕೇಳಿದರೆ ಮೊದಲು, ಅದೆಲ್ಲ ಯಾಕೆ ಈಗ, ಬಿಡು ಎನ್ನುತ್ತಾರೆ. ಎರಡನೇ ಸಲ ಕೇಳಿದರೆ ಹೇಳುತ್ತಾರೆ. ಸಾವಿರ ಬೀಡಿಗೆ ಆಗ ಎಷ್ಟು ಸಿಗುತ್ತಿತ್ತು, ನನ್ನ ಹೈಸ್ಕೂಲಿನ ಫೀಸು ಎಷ್ಟಿತ್ತು, ಆ ವರ್ಷ ಈದ್‌ಗೆ ನಿಮಗೆ ಹೊಸ ಬಟ್ಟೆ ಇತ್ತಾ ಅಂತ ಕೇಳಿ. ಉತ್ತರವನ್ನು ಅಂಕಿ ಸಮೇತ ಬರೆದಿಡಿ. ಕವಿತೆ ಆಮೇಲೆ ಬರಲಿ.